ಐಸ್ ಪ್ಯಾಕಿನೊಳಗಿನ ನೀರಿನ ಸದ್ದು

ಮಿಶ್ರ ಇನ್ಸುಲಿನ್ ಬಾಟಲಿಯನ್ನು ಕುಲುಕಬಾರದು. ಎರಡು ಅಂಗೈಗಳ ನಡುವೆ ಮಲಗಿಸಿ ನಿಧಾನವಾಗಿ ಉರುಳಿಸಬೇಕು. ತಳದಲ್ಲಿ ಕೂತ ಬಿಳಿ ಪುಡಿ ಮೇಲಿನ ತಿಳಿಯೊಂದಿಗೆ ಬೆರೆತು, ನೀರು ಬೆರೆಸಿದ ಹಾಲಿನ ಹಾಗೆ ಒಂದೇ ಸಮ ಆಗಬೇಕು. ಆಮೇಲೆ ಸೂಜಿ ಚುಚ್ಚಬೇಕು. ನನ್ನ ಕಿಟಕಿಗೆ ಬಂದು ಇನ್ಸುಲಿನ್ ಪಡೆದ ಎಲ್ಲರಿಗೂ ಇದನ್ನು ತೋರಿಸಿಕೊಟ್ಟಿದ್ದೆ. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳು ಬಾಟಲಿಯನ್ನು ಉರುಳಿಸುವಾಗ ಮಾತಾಡುತ್ತಿರಲಿಲ್ಲ. ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ತಳದಲ್ಲಿ ಏನೂ ಉಳಿದಿಲ್ಲ ಎಂದು ಖಚಿತವಾದ ಮೇಲೆಯೇ ಕೆಳಗಿಳಿಸುತ್ತಿದ್ದಳು.

ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿಗೆ ಹತ್ತಿರದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್. ಕೇಂದ್ರದ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುತ್ತೇನೆ. ಆ ಹುಡುಗಿಯ ಮನೆ ಬೀಚನಹಳ್ಳಿಯ ಕಡೆ. ಅಪ್ಪ ಕೊಡಗಿನ ತೋಟಗಳಲ್ಲಿ ಕೂಲಿಗೆ ಹೋಗಿ, ಅಪರೂಪಕ್ಕೆ ಬರುವವರು. ತಾಯಿ ಹತ್ತಿರದ ರೆಸಾರ್ಟಿನಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ಕೆಲಸದಲ್ಲಿದ್ದಾರೆ. ಹುಡುಗಿಯ ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ. ವಯಸ್ಸಾದವರ ಸಕ್ಕರೆ ಕಾಯಿಲೆಯಂತೆ ಮಾತ್ರೆಯಲ್ಲಿ ನಿಭಾಯಿಸುವಂಥದ್ದಲ್ಲ ಇದು. ಚುಚ್ಚುಮದ್ದು ನಿಂತರೆ ಕೆಲವೇ ದಿನಗಳಲ್ಲಿ ಜೀವ ಹೋಗುತ್ತದೆ.

ಮೊದಲು ಅವರಿಗೆ ಇನ್ಸುಲಿನ್ ಸಿಗುತ್ತಿದ್ದುದು ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ಉಚಿತವೇ. ಆದರೆ ಹೋಗಿಬರಲು ತಾಯಿ ಒಂದು ದಿನದ ಕೂಲಿ ಬಿಡಬೇಕು. ಬಸ್ಸು ತಡವಾದರೆ ಔಷಧಿ ಕಿಟಕಿ ಮುಚ್ಚಿರುತ್ತದೆ, ಇನ್ನೊಂದು ದಿನ ಬಿಡಬೇಕು. ಹಾಗಾಗಿ ಬಾಟಲಿ ಮುಗಿಯುತ್ತ ಬಂದಾಗ ಅವರು ದಿನದ ಪ್ರಮಾಣವನ್ನು ಕಡಿಮೆ ಮಾಡಿ, ಹೆಚ್ಚು ದಿನ ಬರುವಂತೆ ಎಳೆಯುತ್ತಿದ್ದರು. ಇದು ಗೊತ್ತಾದ ಮೇಲೆ ಇನ್ಸುಲಿನ್ನನ್ನು ನಮ್ಮ ಕೇಂದ್ರಕ್ಕೇ ತರಿಸಬೇಕೆಂದು ಹೊರಟೆ.

ನಮ್ಮಂಥ ಸಣ್ಣ ಕೇಂದ್ರಕ್ಕೆ ಇನ್ಸುಲಿನ್ ಪೂರೈಕೆ ಇರಲಿಲ್ಲ. ನಮ್ಮ ಯುವ ವೈದ್ಯರು ನನ್ನ ಬೇಡಿಕೆಗೆ ಸಹಿ ಹಾಕಿದರು. ತಣ್ಣಗಿಡುವ ವ್ಯವಸ್ಥೆ ಎಲ್ಲಿದೆ ಎಂದು ಮೇಲಿನಿಂದ ಕೇಳಿದರು. ಲಸಿಕೆಯ ಫ್ರಿಜ್ಜಿನಲ್ಲಿ ಬೇರೆ ಔಷಧಿ ಇಡುವಂತಿಲ್ಲ, ಆ ನಿಯಮ ಸರಿಯಾದದ್ದೇ. ಮೂಲೆಗೆ ಬಿದ್ದಿದ್ದ ಮನೆಬಳಕೆಯ ಫ್ರಿಜ್ಜೊಂದನ್ನು ರಿಪೇರಿ ಮಾಡಿಸಿ, ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಹಾಕಿಸಿ, ಒಳಗೊಂದು ಥರ್ಮಾಮೀಟರ್ ತೂಗುಹಾಕಿದೆ. ತರಲು ಹಳೆಯ ಲಸಿಕೆ ಪೆಟ್ಟಿಗೆಯೊಂದನ್ನು ಬೇರೆ ಮಾಡಿಟ್ಟೆ. ವಾರಕ್ಕೊಮ್ಮೆ ಲಸಿಕೆ ತರಲು ಪಟ್ಟಣದ ಉಗ್ರಾಣಕ್ಕೆ ಹೋಗುವ ನಮ್ಮ ಜೀಪಿನ ಡ್ರೈವರ್ ಅದರಲ್ಲಿ ಇನ್ಸುಲಿನ್ನನ್ನೂ ತರುವುದೆಂದು ಆಯಿತು.

ಮೊದಲ ಸಲ ಬಾಟಲಿ ಕೈಗೆ ಕೊಟ್ಟಾಗ ಹುಡುಗಿಯ ತಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನಕ್ಕರು. "ಇನ್ನು ರಜ ಕೇಳೋಕೆ ಆ ಸೂಪರ್‌ವೈಜರ್ ಮಕ ನೋಡೋದು ತಪ್ತು ಬುಡಿ ಮೇಡಮ್. ರಜ ಅಂದ್ರೆ ಅವ್ನಪ್ಪನ ಆಸ್ತಿ ಕೇಳ್ದಂಗೆ ಆಡ್ತಾನೆ" ಅಂದರು.

ಚಳಿಗಾಲ ಪೂರ್ತಿ ಏನೂ ತೊಂದರೆ ಬರಲಿಲ್ಲ. ಹುಡುಗಿಯ ಜೊತೆಗೆ ಸುತ್ತಲ ಹಳ್ಳಿಗಳ ಇನ್ನೂ ಕೆಲವು ವಯಸ್ಸಾದವರು ಇನ್ಸುಲಿನ್‌ಗೆ ನಮ್ಮಲ್ಲಿಗೇ ಬರತೊಡಗಿದರು.

ಬೇಸಿಗೆ ಬಲಿಯುವ ಹೊತ್ತಿಗೆ ಹುಡುಗಿಯ ಸಕ್ಕರೆ ಏರತೊಡಗಿತು. ವೈದ್ಯರು ಪ್ರಮಾಣ ಹೆಚ್ಚಿಸಿದರು. ಇಳಿಯಲಿಲ್ಲ. "ಏನು ತಿಂದೆ?" ಎಂದು ಕೇಳಿದರೆ, "ದಿನಾ ತಿನ್ನೋದೇ, ಮುದ್ದೆ, ಸಾರು" ಅಂದಳು. ಮತ್ತೆ ಹೆಚ್ಚಿಸಿದೆವು. ಒಂದು ಬೆಳಿಗ್ಗೆ ತಾಯಿ ಅವಳನ್ನು ಆಟೋದಲ್ಲಿ ಕರೆದುಕೊಂಡು ಬಂದರು. ವಾಂತಿ, ಹೊಟ್ಟೆನೋವು. ಹುಡುಗಿ ನನ್ನ ಕಿಟಕಿಯ ಎದುರಿನ ಬೆಂಚಿನ ಮೇಲೆ ಒರಗಿ ಕೂತಿದ್ದಳು. ಓಡಿ ಬಂದವಳ ಹಾಗೆ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತಿದ್ದಳು. ಹತ್ತಿರ ಹೋದಾಗ ಅವಳ ಉಸಿರಿನಲ್ಲಿ ಕಳಿತ ಬಾಳೆಹಣ್ಣಿನ ವಾಸನೆ ಇತ್ತು. ಆ ವಾಸನೆಯ ಬಗ್ಗೆ ಪುಸ್ತಕದಲ್ಲಿ ಓದಿದ್ದೆ, ಮೂಗಿಗೆ ಬಡಿದದ್ದು ಅದೇ ಮೊದಲು. ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ಬಾಳೆಹಣ್ಣಿನ ಚೀಲ ಇಟ್ಟುಕೊಂಡು ಪಕ್ಕದಲ್ಲಿ ಕೂತರೆ ನಾನು ಎದ್ದು ನಿಲ್ಲುತ್ತೇನೆ.

ಸಕ್ಕರೆ ಅಳೆಯುವ ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಎಂಬ ಸೂಚನೆ ಮಾತ್ರ ಬಂತು. ವೈದ್ಯರು ಡ್ರಿಪ್ ಹಾಕಿ, ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಹತ್ತುವ ಮೊದಲು ತಾಯಿ ನನ್ನ ಕಡೆ ತಿರುಗಿದರು. ಸಿಟ್ಟಿನ ದನಿಯೂ ಆಗಿರಲಿಲ್ಲ ಅದು.

"ಎಲ್ರೂ ಏಳ್ತಿದ್ರು, ಸರ್ಕಾರಿ ಔಸ್ದಿ ಬರೀ ನೀರು ಅಂತ. ನಾನೇ ಕೇಳ್ನಿಲ್ಲ. ನೀರ್ ಕೊಟ್ಬುಟ್ರಲ್ಲ ಮೇಡಮ್."

ಆಂಬುಲೆನ್ಸ್ ಹೋದ ಮೇಲೆ ಬೆಂಚಿನ ಮೇಲೆ ಅವರು ಬಿಟ್ಟುಹೋದ ಬಟ್ಟೆಯ ಚೀಲ ಇತ್ತು. ಅದರಲ್ಲಿ ಅರ್ಧ ಉಳಿದ ಬಾಟಲಿ. ನಾನದನ್ನು ಅಂಗೈಯಲ್ಲಿ ಉರುಳಿಸಿದೆ, ಬಹಳ ಹೊತ್ತು ಉರುಳಿಸಿದೆ. ಹಾಲಿನಂತೆ ಆಗಲಿಲ್ಲ. ಒಡೆದ ಹಾಲಿನಲ್ಲಿ ತೇಲುವಂಥ ಸಣ್ಣ ಬಿಳಿ ಚೂರುಗಳು ಸುತ್ತಿ, ನಿಲ್ಲಿಸಿದ ಕೂಡಲೇ ತಳ ಸೇರಿದವು. ಗಾಜಿನ ಒಳಗೋಡೆಗೆ ಮಂಜು ಕಟ್ಟಿದಂತೆ ತೆಳುವಾದ ಬಿಳಿ ಪದರ ಅಂಟಿಕೊಂಡಿತ್ತು. ಮನೆಯಲ್ಲಿ ಕೆಡಿಸಿರಬಹುದೇ ಎಂದುಕೊಂಡು ನನ್ನ ಫ್ರಿಜ್ಜಿನಲ್ಲಿ ಉಳಿದಿದ್ದ, ಇನ್ನೂ ಮುಚ್ಚಳ ತೆಗೆಯದ ಬಾಟಲಿಗಳನ್ನು ನೋಡಿದೆ. ಅವುಗಳಲ್ಲೂ ಅದೇ ಚೂರುಗಳಿದ್ದವು. ತಳದ ಪುಡಿ ಎದ್ದಿತೇ ಎಂದು ನೋಡಲು ಹುಡುಗಿಗೆ ಕಲಿಸಿದ್ದೆ, ಬೆರೆತ ಮೇಲೂ ಚೂರುಗಳು ತೇಲಿದರೆ ಅದು ಕೆಟ್ಟದ್ದು ಎಂದು ಹೇಳಿಕೊಟ್ಟಿರಲಿಲ್ಲ.

ಫ್ರಿಜ್ಜಿನ ಥರ್ಮಾಮೀಟರ್ ನಾನು ಬೆಳಿಗ್ಗೆ ಸಂಜೆ ನೋಡುತ್ತಿದ್ದದ್ದು. ಅದು ಒಂದು ದಿನವೂ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿದಿರಲಿಲ್ಲ. ಹಾಗಾದರೆ ಕೆಟ್ಟದ್ದು ಇಲ್ಲಿಗೆ ಬರುವ ಮೊದಲು. ಡ್ರೈವರನ್ನು ಕರೆದೆ. ನಿವೃತ್ತಿಗೆ ಹತ್ತಿರವಾದವರು, ಲಸಿಕೆ ಪೆಟ್ಟಿಗೆಯನ್ನು ಕೂಸಿನಂತೆ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿ ತರುವವರು.

"ಇನ್ಸುಲಿನ್ ಪೆಟ್ಟಿಗೆ ಹೇಗೆ ತುಂಬುತ್ತೀರಿ?" ಎಂದು ಕೇಳಿದೆ.

"ಅಲ್ಲಿ ಫ್ರೀಜರ್‌ನಿಂದ ಐಸ್ ಪ್ಯಾಕ್ ತಗೀತೀನಿ, ಸುತ್ತ ಆಕ್ತೀನಿ, ಮದ್ಯ ಬಾಟ್ಲಿ. ಬಿಸ್ಲು ಬಂದ್‌ಮ್ಯಾಕೆ ಇನ್ನೂ ಜಾಸ್ತಿ ಆಕ್ದೆ ಕಣಮ್ಮ. ಆ ಮಗೀನ ಔಸ್ದಿ ಅಲ್ವಾ, ಬಿಸಿ ಆಗ್ಬುಟ್ರೆ ಅಂತ."

"ಪ್ಯಾಕ್ ಹೊರಗೆ ತೆಗೆದಿಟ್ಟು ಕಾಯಲ್ವಾ?"

"ಲಸಿಕೆ ಡಬ್ಬ ನರ್ಸಮ್ಮ ತುಂಬುಸ್ತಾರೆ, ಅವ್ರು ಕಾಯ್ತಾರೆ. ಇದು ಔಸ್ದಿ ತಾನೆ, ಲಸಿಕೆ ಅಲ್ವಲ್ಲ. ತಣ್ಣಗಿದ್ದಷ್ಟೂ ಒಳ್ಳೇದು ಅಂದ್ಕಂಡೆ."

ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಹಾಗೇ ಪೆಟ್ಟಿಗೆಗೆ ಹಾಕಿದರೆ ಅದಕ್ಕೆ ತಾಗಿದ ಬಾಟಲಿ ಹೆಪ್ಪುಗಟ್ಟುತ್ತದೆ. ಮೇಜಿನ ಮೇಲೆ ಹರಡಿ, ಮೈ ಬೆವರುವವರೆಗೆ ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಬೇಕು. ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ತುಂಬಬೇಕು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕೆಲಸ ಮಾಡುತ್ತದೆಂದು ನೆಚ್ಚುವಂತಿಲ್ಲ. ಡ್ರೈವರಿಗೆ ಇದನ್ನು ಹೇಳಿದಾಗ ಅವರು ಹೋಗಿ ಜೀಪಿನೊಳಗೆ ಕೂತರು. ಮಧ್ಯಾಹ್ನದ ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ.

ನಾನು ಮೇಲಿನವರಿಗೆ ವರದಿ ಬರೆದೆ, ಬಾಟಲಿಗಳನ್ನು ಬೇರೆ ಇಟ್ಟು ಬೀಗ ಹಾಕಿದೆ. ಆದರೆ ಇದೇ ಬಾಟಲಿಗಳು ಹಳ್ಳಿಗಳಲ್ಲಿ ಇನ್ನೂ ಕೆಲವರ ಮನೆಯಲ್ಲಿದ್ದವು. ವೈದ್ಯರ ಕೋಣೆಗೆ ಹೋಗಿ, ಅವನ್ನೆಲ್ಲ ನಾನೇ ವಾಪಸು ತರುತ್ತೇನೆ ಅಂದೆ.

"ತನ್ನಿ. ಆದರೆ ಹೊಸ ಸ್ಟಾಕ್ ಬಂದಿದೆ, ಹಳೇದು ಕೊಡಿ ಅನ್ನಿ ಸಾಕು," ಅಂದರು ಅವರು. "ಕೆಟ್ಟಿದೆ ಅಂತ ಊರೂರಲ್ಲಿ ಹೇಳಿದ್ರೆ ನಾಳೆ ಬಿ.ಪಿ. ಮಾತ್ರೆ, ಕಬ್ಬಿಣದ ಮಾತ್ರೆ ಯಾವುದನ್ನೂ ಯಾರೂ ಮುಟ್ಟಲ್ಲ. ಮೇಲಿನಿಂದ ಉತ್ತರ ಬರಲಿ ಮೇಡಮ್. ನಿಮ್ಮ ಕೈಯಲ್ಲಿರೋದು ಅನುಮಾನ, ಪುರಾವೆ ಅಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಹಾಗೇ ಮಾಡೋಣ ಎಂದುಕೊಂಡೇ ಹೊರಗೆ ಬಂದೆ. ಆಮೇಲೆ ಮೈಸೂರಿನ ಆಸ್ಪತ್ರೆಯಲ್ಲಿದ್ದ ತಾಯಿಗೆ ಫೋನು ಮಾಡಿದೆ. ಹುಡುಗಿಗೆ ಪ್ರಜ್ಞೆ ಇತ್ತು, ಉಸಿರು ಹತೋಟಿಗೆ ಬಂದಿತ್ತು. ತಾಯಿಯ ದನಿ ಮಾತ್ರ ಬೇರೆಯಾಗಿತ್ತು.

"ನಿಮ್ನ ಸುಮ್ನೆ ಅಂದ್ಬುಟ್ಟೆ ಮೇಡಮ್, ತೆಪ್ಪು ತಿಳ್ಕಬೇಡಿ. ದೊಡ್ ಡಾಕ್ಟ್ರು ಏಳುದ್ರು, ಇವ್ಳೇ ಇಂಜೆಕ್ಷನ್ ತಪ್ಪಿಸವ್ಳೆ ಅಂತ. ಈ ವಯಸ್ಸಿನ ಮಕ್ಳು ಇಂಗೇ ಮಾಡೋದಂತೆ. ಕೇಳುದ್ರೆ ಇಲ್ಲ ಇಲ್ಲ ಅಂತಾಳೆ, ಸುಳ್ಳಿ. ಕೆನ್ನೆಗ್ ಎರಡು ಕೊಟ್ಟೆ."

ಹಿಂದಿನಿಂದ ಹುಡುಗಿಯ ದನಿ ಕೇಳಿತು. "ನಾ ತಪ್ಸಿಲ್ಲ ಕಣವ್ವ." ಅಷ್ಟೇ. ಬಹಳ ಸಲ ಹೇಳಿ ಸಾಕಾದವರ ದನಿ.

ನಾನು ಆಗ ಫೋನಿನಲ್ಲೇ ಹೇಳಬಹುದಿತ್ತು. ಸ್ಟಾಕ್ ಕೆಟ್ಟಿರಬಹುದು ಎನ್ನುವ ಅರ್ಧ ಮಾತು ಅವಳಿಗೆ ಸಾಕಾಗುತ್ತಿರಲಿಲ್ಲ. ಖಚಿತ ಮಾಡಿಕೊಂಡು, ಎದುರಿಗೆ ನಿಂತು ಹೇಳಬೇಕು ಎಂದು ತೀರ್ಮಾನಿಸಿದೆ. ಅವಳಿಗೆ ಮನೆಗೆ ಬರುವ ಹೊತ್ತಿಗೆ, ಉಳಿದವರಿಗೆ ಹಳೆಯದರ ಬದಲು ಕೊಡಲು, ಒಳ್ಳೆಯ ಬಾಟಲಿಗಳೂ ಬೇಕಿದ್ದವು. ಉಗ್ರಾಣದಲ್ಲಿ ಆ ವಾರ ಇನ್ಸುಲಿನ್ ಮುಗಿದಿತ್ತು.

ಪರಿಚಯದ ಫಾರ್ಮಸಿಸ್ಟುಗಳಿಗೆಲ್ಲ ಫೋನು ಮಾಡಿದೆ. ಹುಣಸೂರಿನ ಕಡೆ ಇರಲಿಲ್ಲ. ಕೆ.ಆರ್. ನಗರದಲ್ಲಿ ಸ್ವಲ್ಪ ಇತ್ತು. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಕಡೆ ಕೆಲಸ ಮಾಡುವ ಒಬ್ಬ ಗೆಳತಿ ತನ್ನಲ್ಲಿದ್ದದ್ದರಲ್ಲಿ ಸ್ವಲ್ಪ ಕೊಡುತ್ತೇನೆಂದಳು. ಆ ಬಾಟಲಿಗಳನ್ನು ನಮ್ಮ ಕೇಂದ್ರಕ್ಕೆ ತರಲು ಅಧಿಕಾರಿಗಳಿಂದ ಒಪ್ಪಿಗೆ ಪಡೆದು, ರಜೆ ಹಾಕಿ, ಖಾಲಿ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ. ಡ್ರೈವರ್ ಬರುತ್ತೇನೆ ಅಂದಿದ್ದರು. ಜೀಪು ಲಸಿಕೆಗೆ ಬೇಕಿತ್ತು.

ಹುಣಸೂರಿನ ದಾರಿಯಲ್ಲಿ ಕಂಡಕ್ಟರ್ ನನ್ನ ತೊಡೆಯ ಮೇಲಿನ ಪೆಟ್ಟಿಗೆ ನೋಡಿ, "ಏನಮ್ಮ ಅದು, ಹಿನ್ನೀರು ಮೀನಾ? ಮೀನಾದ್ರೆ ಲಗೇಜು" ಅಂದರು.

"ಔಷಧಿ ಪೆಟ್ಟಿಗೆ."

"ಎಲ್ರೂ ಔಸ್ದಿ ಅಂತ್ಲೇ ಏಳೋದು. ಒಸಿ ಮುಚ್ಳ ತಗೀರಿ, ನಾನೂ ವಾಸ್ನೆ ನೋಡ್ತೀನಿ." ಸುತ್ತಲಿನವರು ನಕ್ಕರು. ಮುಚ್ಚಳ ತೆಗೆದು ತೋರಿಸಿದೆ. ಖಾಲಿ ಇದ್ದದ್ದು ನೋಡಿ ಅವರು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು.

ಕೆ.ಆರ್. ನಗರದಲ್ಲಿ ಕೊಟ್ಟ ಫಾರ್ಮಸಿಸ್ಟ್ ನನಗಿಂತ ಹಿರಿಯರು. "ನಿಮ್ ಕೋಟೆಯೋರು ನಮ್ಗೆ ಆನೆ ಬುಟ್ರೆ ಬ್ಯಾರೆ ಏನೂ ಕಳ್ಸಲ್ಲ, ಕೇಳೋದು ಮಾತ್ರ ಬುಡಲ್ಲ" ಎಂದು ರೇಗಿಸುತ್ತಲೇ ಐಸ್ ಪ್ಯಾಕುಗಳನ್ನು ಮೇಜಿನ ಮೇಲೆ ಹರಡಿದರು. ಇಬ್ಬರೂ ಕಾದೆವು. ಅವರು ಒಂದೊಂದನ್ನೂ ಕಿವಿಗೆ ಹಿಡಿದು ನೋಡಿ ತುಂಬಿದರು. ಆ ಊರಿನಲ್ಲಿ ನನ್ನ ತಂಗಿಯ ಮನೆ ಇದೆ, ಆಸ್ಪತ್ರೆಯಿಂದ ನಡೆದುಹೋಗುವಷ್ಟು ದೂರ. ಹೋದರೆ ಅವಳು ಊಟ ಮಾಡಿಸದೆ ಬಿಡುವುದಿಲ್ಲ, ಪೆಟ್ಟಿಗೆಯ ಐಸು ಅಷ್ಟು ಹೊತ್ತು ಕಾಯುವುದಿಲ್ಲ. ಹೋಗಲಿಲ್ಲ. ಬಂದಿದ್ದೆ ಎಂದು ಅವಳಿಗೆ ಹೇಳಲೂ ಇಲ್ಲ.

ಹುಣಸೂರಿನ ಬಸ್ ನಿಲ್ದಾಣದಲ್ಲಿ ರಾವಂದೂರಿನ ಗೆಳತಿ ಫ್ಲಾಸ್ಕು ಹಿಡಿದು ನಿಂತಿದ್ದಳು. "ಐಸ್ ಆಕಿಲ್ಲ ಕಣೇ, ಒದ್ದೆ ಬಟ್ಟೆ ಅಷ್ಟೇಯ. ಏನ್ ಇಂಗ್ ಇಳ್ದೋಗಿದೀಯ? ಊಟ ಮಾಡುದ್ಯಾ?" ಅಂದಳು. ಮಾಡಿದೆ ಅಂದೆ. ಅವಳ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಿಂದ ಕೈಬೀಸಿದಳು. ಜನ ತುಂಬಿದ್ದ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಎದೆಗೆ ಹಿಡಿದು ನಿಂತಿದ್ದಾಗ, ಈ ಪೆಟ್ಟಿಗೆಯಲ್ಲಿ ಏನಿದೆ, ಯಾಕಿದೆ ಎಂದು ಬಲ್ಲವರು ನನ್ನ ಸುತ್ತ ಒಬ್ಬರೂ ಇಲ್ಲ ಅನ್ನಿಸಿತು.

ಮಾರನೆಯ ದಿನ ಪರೀಕ್ಷೆ ಮಾಡಿದೆ. ತಂದ ಬಾಟಲಿಗಳಲ್ಲಿ ಒಂದನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದೆ. ಅಷ್ಟು ದೂರದಿಂದ ತಂದದ್ದನ್ನು ಕೆಡಿಸಲು ಕೈ ಬರಲಿಲ್ಲ, ಆದರೂ ಮಾಡಿದೆ. ಅದನ್ನು, ನಮ್ಮ ಹಳೆಯ ಬಾಟಲಿಯನ್ನು ಮತ್ತು ಒಂದು ಒಳ್ಳೆಯ ಬಾಟಲಿಯನ್ನು ಒಟ್ಟಿಗೆ ಉರುಳಿಸಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಒಳ್ಳೆಯದು ಹಾಲಿನಂತೆಯೇ ಉಳಿಯಿತು. ಉಳಿದೆರಡರಲ್ಲೂ ಚೂರುಗಳು ಒಂದೇ ವೇಗದಲ್ಲಿ ತಳಕ್ಕೆ ಇಳಿದವು. ವೈದ್ಯರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡುತ್ತಾ ನಿಂತರು. ಕೊನೆಗೆ, "ಹೋಗಿ ಬನ್ನಿ. ಏನು ಹೇಳಬೇಕೋ ಹೇಳಿ. ಯಾರಾದರೂ ಕೇಳಿದರೆ ನಾನೇ ಕಳಿಸಿದೆ ಅನ್ನಿ" ಅಂದರು.

ವಯಸ್ಸಾದವರ ಮನೆಗಳಲ್ಲಿ ಕೆಲಸ ಬೇಗ ಮುಗಿಯಿತು. ಒಬ್ಬ ಅಜ್ಜ ಮಾತ್ರ, "ಅಂಗಾರೆ ಇಷ್ಟ್ ದಿನ ಸುಮ್‌ಸುಮ್ನೆ ಚುಚ್ಚುಸ್ಕಂಡ್ನಾ ನಾನು?" ಅಂದು ಹೊಟ್ಟೆ ಸವರಿಕೊಂಡರು.

ಹುಡುಗಿ ಮೈಸೂರಿನಿಂದ ಬಂದ ಸಂಜೆ ಅವರ ಮನೆಗೆ ಹೋದೆ. ಅವಳು ಬಾಗಿಲ ಹೊಸ್ತಿಲ ಒಳಗೆ ಕೂತಿದ್ದಳು. ತಾಯಿ ನನಗೆ ಚಾಪೆ ಹಾಸಿದರು. ನಾನು ಕೂರಲಿಲ್ಲ. ಹುಡುಗಿಯನ್ನೇ ನೋಡಿ ಹೇಳಿದೆ.

"ನೀನು ಇಂಜೆಕ್ಷನ್ ತಪ್ಪಿಸಿಲ್ಲ. ಔಷಧಿ ಕೆಟ್ಟಿತ್ತು. ಕಂಪನಿಯಲ್ಲಿ ಅಲ್ಲ, ನಿಮ್ಮ ಮನೆಯಲ್ಲಿ ಅಲ್ಲ. ಪಟ್ಟಣದಿಂದ ತರುವ ದಾರಿಯಲ್ಲಿ, ನಮ್ಮ ಪೆಟ್ಟಿಗೆಯಲ್ಲಿ, ಐಸಿಗೆ ತಾಗಿ ಕೆಟ್ಟಿತು. ನೀನು ಮಾಡಿದ್ದೆಲ್ಲ ಸರಿಯಾಗಿತ್ತು."

ಹುಡುಗಿ ಅವ್ವನ ಮುಖ ನೋಡಿದಳು. ಎದ್ದು ಒಳಗೆ ಹೋದಳು. ಒಳಗೆ ಪಾತ್ರೆ ಎತ್ತಿಟ್ಟ ಸದ್ದು ಕೇಳಿತು. ಮತ್ತೆ ಹೊರಗೆ ಬರಲಿಲ್ಲ.

ತಾಯಿ ಚಾಪೆಯನ್ನು ಮತ್ತೆ ಸುರುಳಿ ಸುತ್ತಿದರು. "ಮಗೀಗೆ ಒಡ್ದೆ ನಾನು," ಅಂದರು. ಆಮೇಲೆ, "ಏಳ್ದೆ ಇದ್ದಿದ್ರೆ ನಂಗೇನ್ ಗೊತ್ತಾಯ್ತಿತ್ತು ಮೇಡಮ್? ಯಾಕ್ ಬಂದ್ರಿ?" ಅಂದರು. ಹೊಸ ಬಾಟಲಿಯನ್ನು ಮುಂದೆ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ ಬುಡಿ. ಅಂಗ್ಡೀಲಿ ತತ್ತೀನಿ. ಕೂಲಿ ಓದ್ರೂ ಓಗ್ಲಿ." ಮೈಸೂರಿನಲ್ಲೇ ಕೊಂಡು ತಂದ ಬಾಟಲಿ ಕಿಟಕಿಯ ಪಕ್ಕದ ಒದ್ದೆ ಮಡಕೆಯಲ್ಲಿತ್ತು. ಅದನ್ನು ಎತ್ತಿ ನೋಡಿದೆ. ಒಳ್ಳೆಯದಿತ್ತು. ಹಾಗೇ ಹೇಳಿ, ವಾಪಸು ನಡೆದು ಬಂದೆ.

ವೈದ್ಯರು ಹೆದರಿದ್ದೂ ನಿಜವಾಯಿತು. ಸುದ್ದಿ ಹಬ್ಬಿತು. ಕೆಲವು ವಾರ ನನ್ನ ಕಿಟಕಿಯ ಮುಂದೆ ಸಾಲು ಇರಲಿಲ್ಲ. ಬಂದವರು ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಯ್ದರೂ ನುಂಗುತ್ತಾರೋ ಇಲ್ಲವೋ ತಿಳಿಯದಂತೆ ಹೋಗುತ್ತಿದ್ದರು. ಬೇಸಿಗೆ ರಜೆ ಮುಗಿದ ಮೇಲೆ ಹುಡುಗಿ ಶಾಲೆಯ ಬಸ್ಸಿಗೆ ಕೇಂದ್ರದ ಎದುರಿನಲ್ಲೇ ಕಾಯತೊಡಗಿದಳು. ಒಮ್ಮೆ ನನ್ನ ಕಡೆ ಕೈ ಎತ್ತಿದಳು. ಹತ್ತಿರ ಬರಲಿಲ್ಲ. ಮುಖ ಮತ್ತೆ ಸೊರಗಿದಂತೆ ಕಂಡಿತು. ಅಂಗಡಿಯ ಬಾಟಲಿಯನ್ನೂ ಪ್ರಮಾಣ ಕಡಿಮೆ ಮಾಡಿ ಎಳೆಯುತ್ತಿದ್ದಾರೆ ಎಂದು ಗೊತ್ತಾಯಿತು. ಅವರು ಬಂದು ಕೇಳುವ ತನಕ ನಾನು ಮಾಡುವಂಥದ್ದು ಏನೂ ಇರಲಿಲ್ಲ.

ಅಂದಿನಿಂದ ಪಟ್ಟಣದ ಆಸ್ಪತ್ರೆಗೆ ಅಂಟಿಕೊಂಡ ಉಗ್ರಾಣಕ್ಕೆ ನಾನೇ ಜೀಪಿನಲ್ಲಿ ಹೋಗತೊಡಗಿದೆ. ಪ್ಯಾಕುಗಳನ್ನು ಅಲ್ಲಿನ ಜಗುಲಿಯ ಬೆಂಚಿನ ಮೇಲೆ ಹರಡಿ ಕಾಯುತ್ತೇನೆ. ಡ್ರೈವರ್ ಆಚೆ ತುದಿಯಲ್ಲಿ ಕೂರುತ್ತಾರೆ. ಮೊದಲಿನಂತೆ ಮಾತಿಲ್ಲ.

ಅಂಥ ಒಂದು ದಿನ ಹುಡುಗಿಯ ತಾಯಿ ಪೇಟೆಯ ಕಡೆಯಿಂದ ನಡೆದು ಬಂದರು. ಕೈಯಲ್ಲಿ ಖಾಲಿ ಚೀಲ. ನನ್ನನ್ನು ನೋಡಿ ನಿಂತರು, ಆಮೇಲೆ ಬೆಂಚಿನ ಇನ್ನೊಂದು ಬದಿ ಕೂತರು.

"ಏನ್ ಇದು, ಅಪ್ಳ ಒಣಗಾಕ್ದಂಗೆ?"

"ಐಸ್ ಪ್ಯಾಕ್. ಒಳಗೆ ನೀರಿನ ಸದ್ದು ಬರುವವರೆಗೆ ಕಾಯಬೇಕು. ಆಮೇಲೆ ತುಂಬಬೇಕು."

"ಅವತ್ತು ಕಾಯ್ನಿಲ್ವಾ?"

"ಇಲ್ಲ."

ಆಚೆ ತುದಿಯಲ್ಲಿ ಡ್ರೈವರ್ ತಲೆ ತಗ್ಗಿಸಿದರು. "ನಾನೇ ಕಣವ್ವ ಆಕಿದ್ದು. ಮೇಡಮ್ ಅಲ್ಲ" ಅಂದರು. ತಾಯಿ ಅವರ ಕಡೆ ನೋಡಿದರು. ಖಾಲಿ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಂಬ್ಕಂಡ್ ಬಂದಿಲ್ಲ ನಾನು. ಅಂಗ್ಡಿಯೋನು ಸಾಲ ಕೊಡಲ್ಲ ಅಂದ. ಅದಕ್ ಬಂದೆ. ಸುಮ್ನೆ ಸುಳ್ಯಾಕೆ."

"ಸರಿ," ಅಂದೆ.

ಅವರು ಒಂದು ಪ್ಯಾಕನ್ನು ಎತ್ತಿಕೊಂಡರು. ನಾನು ಹಿಡಿಯುತ್ತಿದ್ದ ರೀತಿಯಲ್ಲೇ ಕಿವಿಗೆ ಹಿಡಿದು ಅಲುಗಾಡಿಸಿದರು. ಇನ್ನೂ ಇಲ್ಲವೆಂದು ತಲೆಯಾಡಿಸಿ ಕೆಳಗಿಟ್ಟರು. ಮೂವರೂ ಕೂತೆವು. ಪ್ಯಾಕುಗಳ ಕೆಳಗೆ ಬೆಂಚು ಒದ್ದೆಯಾಗುತ್ತಿತ್ತು. ಇಷ್ಟು ಕಾದದ್ದು ಸಾಕು ಅಂದುಕೊಂಡು ನಾನು ಏಳಲು ಹೋದಾಗ ತಾಯಿ ನನ್ನ ಮೊಣಕೈ ಹಿಡಿದು ಕೂರಿಸಿದರು. ಮತ್ತೆ ಒಂದೊಂದನ್ನೇ ಎತ್ತಿ, ಕಣ್ಣು ಮುಚ್ಚಿ, ಕಿವಿಗೆ ಹಿಡಿದರು. ಕೊನೆಯದನ್ನು ಎರಡು ಸಲ ಕೇಳಿದರು.

"ಬಂತು. ಈಗ ತುಂಬಿ" ಅಂದರು.

ವಾಪಸು ಬರುವಾಗ ಪೆಟ್ಟಿಗೆಗೆ ಸೀಟು, ಬೆಲ್ಟು ಏನೂ ಬೇಕಾಗಲಿಲ್ಲ. ಅವರು ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿದ್ದರು. ಬೀಚನಹಳ್ಳಿ ಬರುವವರೆಗೆ ರಸ್ತೆಯ ಗುಂಡಿಗೆ ಜೀಪು ಕುಲುಕಿದಾಗಲೆಲ್ಲ ಅವರು ಬಗ್ಗಿ ಮುಚ್ಚಳಕ್ಕೆ ಕಿವಿ ಇಡುತ್ತಿದ್ದರು. ಮುಂದಿನ ಗುಂಡಿ ಕಂಡಾಗ ಡ್ರೈವರ್ ತಾವಾಗಿಯೇ ನಿಧಾನ ಮಾಡಿದರು.